ವಿಶ್ಲೇಷಕರ ಮಾತು, ಅಭಿಮಾನಿಗಳ ಸಿಟ್ಟು: ಫುಟ್ಬಾಲ್ ಕ್ಲಬ್‌ಗಳ ಸುತ್ತ ನಡೆಯುವ ವಾಗ್ವಾದವನ್ನು ಅರಿಯುವುದು ಹೇಗೆ?

ಹಾಕಿಯ ನಾಡೆಂದು ಹೆಸರಾದ ಕೊಡಗಿಗೆ ಫುಟ್ಬಾಲ್ ಹೊಸದೇನಲ್ಲ. ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯಾವಳಿಗೆ ಜಿಲ್ಲೆಯ ಹೊರಗಿನಿಂದಲೂ ತಂಡಗಳು ಬರುತ್ತವೆ. ಮಳೆಗಾಲದಲ್ಲಿ ಕೆಸರುಗದ್ದೆಗಿಳಿದು ಚೆಂಡು ಒದೆಯುವ ಹುಡುಗರಿಗೆ ಸಿದ್ದಾಪುರ, ಅಮ್ಮತ್ತಿಯ ಕಡೆ ಕೊರತೆಯಿಲ್ಲ. ವಿಶ್ವಕಪ್ ಬಂತೆಂದರೆ ಪೇಟೆಗಳಲ್ಲಿ ಬ್ರೆಜಿಲ್ ಮತ್ತು ಅರ್ಜೆಂಟೀನಾದ ಬಾವುಟಗಳು ಏಳುತ್ತವೆ. ಹೊಸದಾಗಿ ಬಂದಿರುವುದು ಆಟದ ಕುರಿತ ಮಾತಿನ ಮೇಲಿನ ಜಗಳ. ಮ್ಯಾಂಚೆಸ್ಟರನ್ನೂ ಲಿವರ್‌ಪೂಲನ್ನೂ ಭೂಪಟದಲ್ಲಷ್ಟೇ ಕಂಡಿರುವ ಮಕ್ಕಳು, ಇಂಗ್ಲೆಂಡಿನ ಯಾವುದೋ ಸ್ಟುಡಿಯೋದಲ್ಲಿ ಕುಳಿತ ಮಾಜಿ ಆಟಗಾರನೊಬ್ಬ ತಮ್ಮ ಕ್ಲಬ್ಬಿನ ಬಗ್ಗೆ ಆಡಿದ ಎರಡು ಮಾತಿಗೆ ಇಡೀ ಸಂಜೆ ಮುನಿಸಿಕೊಂಡು ಕೂರುವುದು ಮನೆಯ ಹಿರಿಯರಿಗೆ ಒಗಟಾಗಿ ಕಾಣುತ್ತದೆ. ‘ಅವರಿಗೆ ನಮ್ಮ ಕ್ಲಬ್ ಕಂಡರೆ ಆಗುವುದಿಲ್ಲ’ ಎಂಬ ಆ ಮಕ್ಕಳ ದೂರು ಎಷ್ಟು ನಿಜ, ಎಷ್ಟು ಭ್ರಮೆ ಎಂಬುದನ್ನು ಬುಡದಿಂದ ನೋಡುವುದು ಈ ಲೇಖನದ ಉದ್ದೇಶ.

ಮೈಕ್ ಹಿಡಿದವರೆಲ್ಲರ ಕೆಲಸ ಒಂದೇ ಅಲ್ಲ

ಮೊದಲು ಯಾರು ಯಾರೆಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಪಂದ್ಯ ನಡೆಯುತ್ತಿರುವಾಗಲೇ ಚೆಂಡು ಯಾರ ಕಾಲಿನಲ್ಲಿದೆ, ಏನಾಯಿತು ಎಂದು ಹೇಳುತ್ತಾ ಹೋಗುವವರು ವೀಕ್ಷಕ ವಿವರಣೆಕಾರರು. ಅವರ ಪಕ್ಕದಲ್ಲಿ ಕುಳಿತು ನಡುನಡುವೆ ‘ಹೀಗೇಕಾಯಿತು’ ಎಂದು ಬಿಡಿಸಿ ಹೇಳುವವರು ಸಾಮಾನ್ಯವಾಗಿ ಮಾಜಿ ಆಟಗಾರರು. ಪಂದ್ಯಕ್ಕೆ ಮೊದಲು, ವಿರಾಮದಲ್ಲಿ ಮತ್ತು ಪಂದ್ಯ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕುಳಿತು ತೀರ್ಪು ಕೊಡುವವರು ವಿಶ್ಲೇಷಕರು. ಅಭಿಪ್ರಾಯ ಹೇಳುವುದಕ್ಕೆಂದೇ ಅವರಿಗೆ ಸಂಬಳ. ಇವರೆಲ್ಲರಿಗಿಂತ ಬೇರೆಯವರು ವರದಿಗಾರರು. ಗಾಯಗೊಂಡವರು ಯಾರು, ಯಾವ ಆಟಗಾರ ಯಾವ ಕ್ಲಬ್ಬಿಗೆ ಹೋಗಲಿದ್ದಾನೆ, ತರಬೇತುದಾರರ ಕುರ್ಚಿ ಭದ್ರವಾಗಿದೆಯೇ ಎಂಬುದನ್ನು ಕಂಡುಹಿಡಿದು ತಿಳಿಸುವುದು ಅವರ ಕೆಲಸ.

ಅಭಿಮಾನಿಗಳು ಇವರೆಲ್ಲರನ್ನೂ ‘ಮಾಧ್ಯಮದವರು’ ಎಂಬ ಒಂದೇ ಗಂಟಿಗೆ ಕಟ್ಟುವುದರಿಂದ ಅರ್ಧದಷ್ಟು ಗೊಂದಲ ಅಲ್ಲಿಯೇ ಹುಟ್ಟುತ್ತದೆ. ವಿಶ್ಲೇಷಕರ ಅಭಿಪ್ರಾಯ ತಪ್ಪಾದರೆ ಅದು ತಪ್ಪು ಅಂದಾಜು, ವರದಿಗಾರರ ಸಂಗತಿ ತಪ್ಪಾದರೆ ಅದು ತಪ್ಪು ಸುದ್ದಿ. 1995ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಆಸ್ಟನ್ ವಿಲ್ಲಾ ಎದುರು 3-1ರಿಂದ ಸೋತ ರಾತ್ರಿ, ಬಿಬಿಸಿಯ ವಿಶ್ಲೇಷಕರಾಗಿದ್ದ ಅಲನ್ ಹ್ಯಾನ್ಸನ್ ಅವರು ಎಳೆಯರನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂಬರ್ಥದ ಮಾತು ಆಡಿದರು. ಅದೇ ಋತುವಿನಲ್ಲಿ ಆ ಎಳೆಯರ ತಂಡ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗನ್ನೂ ಅಲ್ಲಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ಪನ್ನೂ ಗೆದ್ದಿತು. ಮೂರು ದಶಕ ಕಳೆದರೂ ಆ ಮಾತನ್ನು ಎತ್ತಿ ಆಡುವವರಿದ್ದಾರೆ. ಆದರೆ ಅದು ಸುಳ್ಳು ಸುದ್ದಿಯಾಗಿರಲಿಲ್ಲ, ಒಬ್ಬ ಅನುಭವಿಯ ಅಂದಾಜು ಕೈಕೊಟ್ಟಿತ್ತು, ಅಷ್ಟೇ. (ಆ ಎಳೆಯರಲ್ಲಿ ಒಬ್ಬರಾಗಿದ್ದ ಗ್ಯಾರಿ ನೆವಿಲ್ ಇಂದು ಇಂಗ್ಲೆಂಡಿನ ಅತಿ ಹೆಸರಾಂತ ವಿಶ್ಲೇಷಕರಲ್ಲಿ ಒಬ್ಬರು.)

ವರದಿಗಾರರ ಕಷ್ಟ ಬೇರೆ ಬಗೆಯದು. ಪತ್ರಿಕಾಗೋಷ್ಠಿಗೆ ಪ್ರವೇಶ, ಆಟಗಾರರ ಸಂದರ್ಶನ, ಒಳಗಿನ ಸುದ್ದಿ ಎಲ್ಲಕ್ಕೂ ಅವರು ಕ್ಲಬ್ಬನ್ನೇ ನೆಚ್ಚಬೇಕು. ಕ್ಲಬ್ ಮುನಿದರೆ ಬಾಗಿಲು ಮುಚ್ಚುತ್ತದೆ. ತಮ್ಮ ಮಗನ ಕುರಿತ ಸಾಕ್ಷ್ಯಚಿತ್ರದಿಂದ ಸಿಟ್ಟಾದ, ಆಗ ಮ್ಯಾಂಚೆಸ್ಟರ್ ಯುನೈಟೆಡ್‌ನ ತರಬೇತುದಾರರಾಗಿದ್ದ ಸರ್ ಅಲೆಕ್ಸ್ ಫರ್ಗ್ಯುಸನ್ 2004ರಿಂದ 2011ರವರೆಗೆ ಬಿಬಿಸಿಯೊಂದಿಗೆ ಮಾತನಾಡಲಿಲ್ಲ. 2013ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್, ಮಾಲೀಕರ ವಿರುದ್ಧ ಅಭಿಮಾನಿಗಳು ನಡೆಸಿದ ಮೆರವಣಿಗೆಯ ವರದಿಯಿಂದ ಕೆರಳಿ ಊರಿನ ಪತ್ರಿಕೆಗಳಿಗೇ ನಿಷೇಧ ಹೇರಿತು. ಅಂದರೆ ಅಭಿಮಾನಿಗಳ ದನಿಗೆ ಜಾಗ ಕೊಟ್ಟದ್ದಕ್ಕಾಗಿಯೇ ಪತ್ರಿಕೆಗಳು ಬೆಲೆ ತೆತ್ತವು. ‘ಮೂಲಗಳ ಪ್ರಕಾರ’ ಎಂದು ಶುರುವಾಗುವ ಸುದ್ದಿಯನ್ನು ಓದುವಾಗ ಈ ಅವಲಂಬನೆಯನ್ನು ನೆನಪಿಟ್ಟುಕೊಳ್ಳಬೇಕು. ಆ ಮೂಲ ಬಹಳ ಸಲ ಕ್ಲಬ್ಬಿನ ಕಚೇರಿಯದ್ದೋ ಆಟಗಾರನ ಏಜೆಂಟನದ್ದೋ ಆಗಿದ್ದು, ಅವರಿಬ್ಬರಿಗೂ ಆ ಸುದ್ದಿ ಹರಡುವುದರಲ್ಲಿ ಲಾಭವಿರುತ್ತದೆ.

ಮಾತೇ ಸರಕಾದ ಬಗೆ

ಬಿಬಿಸಿಯ ‘ಮ್ಯಾಚ್ ಆಫ್ ದ ಡೇ’ ಕಾರ್ಯಕ್ರಮ 1964ರ ಆಗಸ್ಟ್ 22ರಂದು, ಲಿವರ್‌ಪೂಲ್ ಮತ್ತು ಆರ್ಸೆನಲ್ ನಡುವಿನ ಪಂದ್ಯದ ಮುಖ್ಯಾಂಶಗಳೊಂದಿಗೆ ಆರಂಭವಾಯಿತು. ಆಗ ಜನಕ್ಕೆ ಬೇಕಿದ್ದದ್ದು ಆಟದ ದೃಶ್ಯ. 1970ರ ವಿಶ್ವಕಪ್ ಸಮಯದಲ್ಲಿ ಐಟಿವಿ ವಾಹಿನಿ ಮಾಲ್ಕಂ ಆಲಿಸನ್, ಡೆರೆಕ್ ಡೂಗನ್, ಪ್ಯಾಟ್ ಕ್ರೆರಂಡ್, ಬಾಬ್ ಮೆಕ್‌ನ್ಯಾಬ್ ಎಂಬ ನಾಲ್ವರನ್ನು ಸ್ಟುಡಿಯೋದಲ್ಲಿ ಕೂರಿಸಿ ವಾದಕ್ಕೆ ಬಿಟ್ಟಿತು. ಅವರು ಬಣ್ಣಬಣ್ಣದ ಅಂಗಿ ತೊಟ್ಟು, ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತಾ ಹಂಗಿಲ್ಲದೆ ಮಾತನಾಡಿದರು. ಆಟದಷ್ಟೇ ಆಟದ ಕುರಿತ ಜಗಳವನ್ನೂ ಜನ ನೋಡುತ್ತಾರೆ ಎಂಬುದು ವಾಹಿನಿಗಳಿಗೆ ಅರಿವಾದದ್ದು ಆಗ. ಇಂದಿನ ಸ್ಟುಡಿಯೋ ಚರ್ಚೆಗಳೆಲ್ಲ ಆ ನಾಲ್ಕು ಕುರ್ಚಿಗಳ ಸಂತಾನ.

1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿ, ಅದರ ಪ್ರಸಾರ ಹಣ ಕಟ್ಟಿ ನೋಡುವ ಸ್ಕೈ ವಾಹಿನಿಯ ಪಾಲಾದಾಗ ಲೆಕ್ಕಾಚಾರವೇ ಬದಲಾಯಿತು. 2025ರಿಂದ 2029ರವರೆಗಿನ ನಾಲ್ಕು ಋತುಗಳ ಬ್ರಿಟನ್ ಪ್ರಸಾರ ಹಕ್ಕಿನ ಒಪ್ಪಂದದ ಮೊತ್ತ 670 ಕೋಟಿ ಪೌಂಡ್. ಅಷ್ಟು ಹಣ ಸುರಿದ ವಾಹಿನಿಗೆ ತೊಂಬತ್ತು ನಿಮಿಷದ ಆಟ ಸಾಲುವುದಿಲ್ಲ. ಪಂದ್ಯಕ್ಕೆ ಮುಂಚಿನ ಗಂಟೆಯನ್ನೂ ನಂತರದ ಗಂಟೆಯನ್ನೂ ಪಂದ್ಯವೇ ಇಲ್ಲದ ದಿನಗಳನ್ನೂ ಮಾತಿನಿಂದ ತುಂಬಬೇಕು, ಮತ್ತು ಆ ಮಾತು ವೀಕ್ಷಕರು ಎದ್ದು ಹೋಗದಂತೆ ಹಿಡಿದು ಕೂರಿಸಬೇಕು. 2011ರಲ್ಲಿ ಆಟದಿಂದ ನಿವೃತ್ತರಾದ ಗ್ಯಾರಿ ನೆವಿಲ್, 2013ರಲ್ಲಿ ನಿವೃತ್ತರಾದ ಜೇಮಿ ಕ್ಯಾರಗರ್ ಇಬ್ಬರೂ ಸ್ಕೈ ಸೇರಿದ್ದು ಈ ಹಿನ್ನೆಲೆಯಲ್ಲಿ. ನೆವಿಲ್ ತಮ್ಮ ಇಡೀ ವೃತ್ತಿಜೀವನವನ್ನು ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕಳೆದವರು, ಕ್ಯಾರಗರ್ ಲಿವರ್‌ಪೂಲ್‌ನಲ್ಲಿ. ಇಂಗ್ಲೆಂಡಿನ ಎರಡು ಬದ್ಧವೈರಿ ಕ್ಲಬ್‌ಗಳ ನಿಷ್ಠಾವಂತರನ್ನು ಒಂದೇ ಮೇಜಿಗೆ ಕೂರಿಸಿರುವುದು ಆಕಸ್ಮಿಕವಲ್ಲ.

ಇಲ್ಲಿಂದ ಅಭಿಮಾನಿಯ ಮೊದಲ ಸಂಕಟ ಶುರುವಾಗುತ್ತದೆ. ಕೊಡಗಿನವರಿಗೆ ಇದನ್ನು ಕೌಟುಂಬಿಕ ಹಾಕಿ ಉತ್ಸವದ ಮೂಲಕ ಹೇಳಿದರೆ ಬೇಗ ಅರ್ಥವಾದೀತು. 1997ರಲ್ಲಿ ಕರಡದಲ್ಲಿ ಆರಂಭವಾದ ಆ ಉತ್ಸವದಲ್ಲಿ ಒಕ್ಕ ಒಕ್ಕಗಳೇ, ಅಂದರೆ ಕೊಡವ ಮನೆತನಗಳೇ, ತಂಡ ಕಟ್ಟಿಕೊಂಡು ಆಡುತ್ತವೆ. ನಿಮ್ಮ ಒಕ್ಕದ ಹಿರಿಯರೊಬ್ಬರ ಕೈಗೆ ಮೈಕ್ ಬಂದಿದೆ ಎಂದಿಟ್ಟುಕೊಳ್ಳಿ. ನಿಮ್ಮ ತಂಡದ ತಪ್ಪನ್ನು ಅವರು ಗಟ್ಟಿಯಾಗಿ ಹೇಳಿದರೆ ‘ಮನೆಯವರೇ ಮರ್ಯಾದೆ ತೆಗೆದರು’ ಎಂದು ನಿಮಗೆ ನೋವು. ಮೆತ್ತಗೆ ಹೇಳಿದರೆ ‘ತಮ್ಮವರೆಂದು ಮುಚ್ಚಿಡುತ್ತಿದ್ದಾರೆ’ ಎಂದು ಎದುರಾಳಿ ಒಕ್ಕದವರಿಗೆ ಸಿಟ್ಟು. ನೆವಿಲ್ ಅವರ ಮೇಲೂ ಇದೇ ಎರಡು ದೂರುಗಳು ಒಟ್ಟೊಟ್ಟಿಗೆ ಬರುತ್ತವೆ. ನಿಷ್ಪಕ್ಷಪಾತಿ ಎನಿಸಿಕೊಳ್ಳಲು ಯುನೈಟೆಡನ್ನು ಅತಿಯಾಗಿ ಬೈಯುತ್ತಾರೆ ಎಂದು ಯುನೈಟೆಡ್ ಅಭಿಮಾನಿಗಳು ಹೇಳಿದರೆ, ಬಾಯಿ ತೆರೆದರೆ ಯುನೈಟೆಡ್ ಬಿಟ್ಟು ಬೇರೆ ಮಾತಿಲ್ಲ ಎಂದು ಉಳಿದವರು ಹೇಳುತ್ತಾರೆ.

ಕಂಠೀರವದ ಆ ಫ್ರೀ ಕಿಕ್

ದೂರದ ಉದಾಹರಣೆ ಬೇಡವೆನ್ನುವವರಿಗೆ ಹತ್ತಿರದ್ದೇ ಒಂದಿದೆ. ಕಣ್ಣೂರು, ವಯನಾಡು, ಕಾಸರಗೋಡು ಜಿಲ್ಲೆಗಳಿಗೆ ಅಂಟಿಕೊಂಡಿರುವ ಕೊಡಗಿನಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಅಭಿಮಾನಿಗಳಿದ್ದಾರೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯದಲ್ಲಿ ಈ ಎರಡೂ ತಂಡಗಳು ಮುಖಾಮುಖಿಯಾದವು. ನಿಗದಿತ ಸಮಯದಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಸಮಯದ ಆರಂಭದಲ್ಲಿ ಬೆಂಗಳೂರಿಗೆ ಫ್ರೀ ಕಿಕ್, ಅಂದರೆ ಎದುರಾಳಿಯ ತಪ್ಪಿಗಾಗಿ ಅಡ್ಡಿಯಿಲ್ಲದೆ ಚೆಂಡು ಒದೆಯುವ ಅವಕಾಶ, ಸಿಕ್ಕಿತು. ಕೇರಳದ ಆಟಗಾರರು ಚೆಂಡಿನೆದುರು ಸಾಲಾಗಿ ನಿಂತು ತಡೆಗೋಡೆ ಕಟ್ಟಿಕೊಳ್ಳುವ ಮೊದಲೇ, ಗೋಲ್‌ಕೀಪರ್ ಸ್ಥಾನಕ್ಕೆ ಬರುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿದರು. ರೆಫರಿ ಗೋಲು ನೀಡಿದರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು, ಅವರು ಮರಳಲಿಲ್ಲ, ಪಂದ್ಯ ಬೆಂಗಳೂರಿನ ಪಾಲಾಯಿತು.

ನಿಯಮ ಏನು ಹೇಳುತ್ತದೆ? ಫ್ರೀ ಕಿಕ್ ಸಿಕ್ಕ ತಂಡ ಬಯಸಿದರೆ ತಕ್ಷಣವೇ ಒದೆಯಬಹುದು. ಅದಕ್ಕೆ ಶಿಳ್ಳೆ ಬೇಕಿಲ್ಲ. ಆದರೆ ರೆಫರಿ ತಾವೇ ಮಧ್ಯೆ ಬಂದು ಎದುರಾಳಿಗಳನ್ನು 9.15 ಮೀಟರ್ ದೂರಕ್ಕೆ ಸರಿಸಲು ತೊಡಗಿದರೆ, ಅಥವಾ ಯಾರಿಗಾದರೂ ಕಾರ್ಡ್ ತೋರಿಸಿದರೆ, ಮತ್ತೆ ಶಿಳ್ಳೆ ಊದಿದ ಮೇಲಷ್ಟೇ ಒದೆಯಬೇಕು. ಹಾಗಾಗಿ ಇಡೀ ವಾದ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಆ ಕೆಲವು ಕ್ಷಣಗಳಲ್ಲಿ ರೆಫರಿ ಮಧ್ಯೆ ಬಂದಿದ್ದರೇ, ಇಲ್ಲವೇ? ಶಿಳ್ಳೆಯೂ ಬೇಡ, ಗೋಡೆಯೂ ಬೇಡ ಎಂದು ತಾವು ರೆಫರಿಗೆ ಹೇಳಿದ್ದಾಗಿ ಛೆಟ್ರಿ ಪಂದ್ಯದ ನಂತರ ತಿಳಿಸಿದರು. ರೆಫರಿ ಗೋಡೆ ಸರಿಸುತ್ತಿದ್ದಂತೆ ಕಂಡಿತು ಎಂಬುದು ಕೇರಳದ ಕಡೆಯ ವಾದ. ಪಂದ್ಯ ಮತ್ತೆ ಆಡಿಸಬೇಕೆಂಬ ಬೇಡಿಕೆಯನ್ನು ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ತಳ್ಳಿಹಾಕಿತು. ಮೈದಾನ ತೊರೆದದ್ದಕ್ಕಾಗಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆಮೇಲೆ ನಡೆದದ್ದು. ಅದೇ ದೃಶ್ಯದ ತುಣುಕನ್ನು ಎರಡೂ ಕಡೆಯವರು ಪುರಾವೆಯೆಂದು ಹಂಚಿಕೊಂಡರು. ‘ಚಾಣಾಕ್ಷತನ’ ಎಂದ ವಿಶ್ಲೇಷಕರು ಒಂದು ಕಡೆಯವರಿಗೆ ಬೆಂಗಳೂರಿನ ಬಾಲಬಡುಕರಾದರು. ‘ಆಟದ ಸೊಬಗಿಗೆ ತಕ್ಕದ್ದಲ್ಲ’ ಎಂದವರು ಇನ್ನೊಂದು ಕಡೆಯವರಿಗೆ ಕೇರಳದ ವಕ್ತಾರರಾದರು.

ಒಂದೇ ಆಟ, ಎರಡು ನೋಟ

ಇದು ಕೇವಲ ಹಟವಲ್ಲ, ನೋಟವೇ ಹಾಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಹಳೆಯ ಅಧ್ಯಯನಗಳಿವೆ. 1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ಒರಟಾದ ಪಂದ್ಯವೊಂದು ನಡೆಯಿತು. ಅದು ಅವರ ದೇಶದ, ಕೈಯಲ್ಲಿ ಚೆಂಡು ಹಿಡಿದು ಓಡುವ ಫುಟ್ಬಾಲ್. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿಗಳು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದರ ಚಿತ್ರೀಕರಣವನ್ನು ತೋರಿಸಿ, ಕಂಡ ತಪ್ಪುಗಳನ್ನೆಲ್ಲ ಗುರುತಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳನ್ನು ಡಾರ್ಟ್‌ಮತ್ ವಿದ್ಯಾರ್ಥಿಗಳು ಎಣಿಸಿದ್ದಕ್ಕಿಂತ ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಎಣಿಸಿದ್ದು ಎರಡು ಪಟ್ಟಿಗೂ ಹೆಚ್ಚು. 1954ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ಬರೆದಿದ್ದರು; ಕಂಡದ್ದೇ ಬೇರೆ ಬೇರೆಯಾಗಿತ್ತು.

ಮಾಧ್ಯಮಕ್ಕೆ ನೇರವಾಗಿ ಸಂಬಂಧಿಸಿದ ಅಧ್ಯಯನ ಬಂದದ್ದು 1985ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವ್ಯಾಲೋನ್, ರಾಸ್ ಮತ್ತು ಲೆಪ್ಪರ್ ಅವರಿಂದ. 1982ರ ಬೈರೂತ್ ಹತ್ಯಾಕಾಂಡದ ಒಂದೇ ಟಿವಿ ವರದಿಯನ್ನು ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳಿಗೆ ತೋರಿಸಿದಾಗ, ವರದಿ ತಮ್ಮ ಪಕ್ಷದ ವಿರುದ್ಧ ವಾಲಿದೆ ಎಂದು ಎರಡೂ ಗುಂಪಿನವರು ದೂರಿದರು. ಇದನ್ನು ‘ವಿರೋಧಿ ಮಾಧ್ಯಮ ಪರಿಣಾಮ’ ಎನ್ನಬಹುದು. ಒಂದು ವಿಷಯವನ್ನು ಹೆಚ್ಚು ಬಲ್ಲವರಿಗೆ, ಅದರಲ್ಲಿ ಹೆಚ್ಚು ಮನಸ್ಸಿಟ್ಟವರಿಗೆ, ಮಧ್ಯದಲ್ಲಿ ನಿಂತ ವರದಿಯೂ ಎದುರು ಪಾಳೆಯದ್ದಾಗಿ ತೋರುತ್ತದೆ. ಫುಟ್ಬಾಲ್ ಅಭಿಮಾನಿಗೆ ತನ್ನ ಕ್ಲಬ್ಬಿನ ನೂರು ಸಂಗತಿ ಗೊತ್ತಿರುತ್ತದೆ. ವಿಶ್ಲೇಷಕರು ಎರಡು ನಿಮಿಷದಲ್ಲಿ ಅವುಗಳಲ್ಲಿ ನಾಲ್ಕನ್ನು ಹೇಳಿ ಮುಗಿಸುತ್ತಾರೆ. ಬಿಟ್ಟುಹೋದ ತೊಂಬತ್ತಾರು ಸಂಗತಿಗಳನ್ನು ಅಭಿಮಾನಿ ‘ಬೇಕೆಂದೇ ಮುಚ್ಚಿಟ್ಟರು’ ಎಂದು ಓದುತ್ತಾನೆ.

ಸೋತ ದಿನ ಈ ಸಿಟ್ಟು ಏರುವುದಕ್ಕೆ ಇನ್ನೊಂದು ಕಾರಣವಿದೆ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಗಮನಿಸಿದಂತೆ, ತಂಡ ಗೆದ್ದ ವಾರಾಂತ್ಯದ ನಂತರದ ಸೋಮವಾರ ಹೆಚ್ಚು ವಿದ್ಯಾರ್ಥಿಗಳು ಸಂಸ್ಥೆಯ ಹೆಸರಿರುವ ಉಡುಪು ತೊಟ್ಟು ಬರುತ್ತಿದ್ದರು, ಪಂದ್ಯದ ಬಗ್ಗೆ ಕೇಳಿದರೆ ಗೆಲುವಿಗೆ ‘ನಾವು’ ಎಂಬ ಪದವನ್ನೇ ಹೆಚ್ಚು ಬಳಸುತ್ತಿದ್ದರು. ಗೆಲುವಿನಲ್ಲಿ ಪಾಲು ಕೇಳಿದವನಿಗೆ ಸೋಲಿನ ಪಾಲೂ ತಾನಾಗಿ ಬರುತ್ತದೆ. ಕ್ಲಬ್ಬಿನ ರಕ್ಷಣಾ ವಿಭಾಗ ಹಾಳಾಗಿದೆ ಎಂದು ವಿಶ್ಲೇಷಕರು ಹೇಳಿದಾಗ, ಪೊನ್ನಂಪೇಟೆಯ ಕಾಲೇಜು ಹುಡುಗನಿಗೆ ಅದು ತನ್ನನ್ನೇ ಕುರಿತು ಹೇಳಿದಂತೆ ಕೇಳಿಸುವುದು ಅದಕ್ಕಾಗಿ.

ದೊಡ್ಡ ಕ್ಲಬ್ಬಿಗೆ ದೊಡ್ಡ ಸದ್ದು

ಎಲ್ಲ ದೂರನ್ನೂ ಮನಸ್ಸಿನ ಆಟವೆಂದು ತಳ್ಳಿಹಾಕಿದರೆ ಅದೂ ಅನ್ಯಾಯ. ಮಾಧ್ಯಮದ ಗಮನ ಸಮನಾಗಿ ಹಂಚಿಕೆಯಾಗುವುದಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಸೋತರೆ ಅದು ವಾರವಿಡೀ ಓಡುವ ಸುದ್ದಿ. ಬ್ರೆಂಟ್‌ಫರ್ಡ್ ಗೆದ್ದರೆ ಅದು ಕಡೆಯ ಐದು ನಿಮಿಷ. ಇದರಿಂದ ಸಣ್ಣ ಕ್ಲಬ್ಬಿನ ಅಭಿಮಾನಿಗೆ ಅಸಡ್ಡೆಯ ನೋವು, ದೊಡ್ಡ ಕ್ಲಬ್ಬಿನ ಅಭಿಮಾನಿಗೆ ಬೆನ್ನುಬಿಡದ ಬೈಗುಳದ ನೋವು. ಎರಡರ ಹಿಂದೆಯೂ ಇರುವುದು ದ್ವೇಷಕ್ಕಿಂತ ಹೆಚ್ಚಾಗಿ ನೋಡುಗರ ಸಂಖ್ಯೆ. 2015-16ರಲ್ಲಿ ಲೀಗ್ ಗೆಲ್ಲುವ ಸಾಧ್ಯತೆಗೆ ಬಾಜಿಯವರು 5000ಕ್ಕೆ 1 ಎಂದು ದರ ಕಟ್ಟಿದ್ದ ಲೆಸ್ಟರ್ ಸಿಟಿ ಪ್ರಶಸ್ತಿ ಗೆದ್ದಾಗ, ವಿಶ್ಲೇಷಕರಲ್ಲಿ ಬಹುತೇಕರು ಋತುವಿನ ಆರಂಭದಲ್ಲಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಲೆಸ್ಟರ್‌ನವರೇ ಆದ ನಿರೂಪಕ ಗ್ಯಾರಿ ಲಿನೇಕರ್ ಕೂಡ ಹೊಸ ತರಬೇತುದಾರರ ನೇಮಕವನ್ನು ಕಂಡು ಹುಬ್ಬೇರಿಸಿದ್ದರು.

ಅಳೆದು ನೋಡಿದಾಗ ಸಿಕ್ಕ ಪಕ್ಷಪಾತವೂ ಇದೆ. 2020ರಲ್ಲಿ ರನ್‌ರಿಪೀಟ್ ಸಂಸ್ಥೆ ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘದೊಂದಿಗೆ ಸೇರಿ ಯುರೋಪಿನ ನಾಲ್ಕು ಲೀಗ್‌ಗಳ 80 ಪಂದ್ಯಗಳ ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ಪರಿಶೀಲಿಸಿತು. ಬುದ್ಧಿವಂತಿಕೆ ಮತ್ತು ಪರಿಶ್ರಮದ ಹೊಗಳಿಕೆ ಬಿಳಿಯ ಮೈಬಣ್ಣದ ಆಟಗಾರರಿಗೂ, ವೇಗ ಮತ್ತು ಮೈಬಲದ ಮಾತು ಕಪ್ಪು ಮೈಬಣ್ಣದ ಆಟಗಾರರಿಗೂ ಹೆಚ್ಚಾಗಿ ಸಲ್ಲುತ್ತಿತ್ತು. ಗಮನಿಸಬೇಕಾದದ್ದೇನೆಂದರೆ, ಇದು ಯಾವುದೇ ಕ್ಲಬ್ಬಿನ ಅಭಿಮಾನಿಗಳು ಸಾಮಾನ್ಯವಾಗಿ ಎತ್ತುವ ದೂರಲ್ಲ. ನಿಜವಾದ ವಾಲುವಿಕೆ ಹುಡುಕುವವರ ಕಣ್ಣಿಗೆ ಬೀಳದ ಕಡೆಯೇ ಕುಳಿತಿತ್ತು.

ಸಿಟ್ಟಿಗೆ ನ್ಯಾಯವಿದ್ದ ಸಂದರ್ಭ

ಲಿವರ್‌ಪೂಲ್ ಅಭಿಮಾನಿಗಳು ಪತ್ರಿಕೆಯೊಂದನ್ನು ದಶಕಗಳಿಂದ ಮುಟ್ಟುವುದಿಲ್ಲ ಎಂಬುದನ್ನು ಕೇಳಿದವರಿಗೆ ಅದು ಅತಿಯೆನಿಸಬಹುದು. ಕಾರಣ ತಿಳಿದರೆ ಅನಿಸುವುದಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್‌ಎ ಕಪ್ ಸೆಮಿಫೈನಲ್ ವೇಳೆ ಉಂಟಾದ ನೂಕುನುಗ್ಗಲಿನಲ್ಲಿ ಸಿಕ್ಕಿ ಸತ್ತವರ ಸಂಖ್ಯೆ ಕಾಲಾಂತರದಲ್ಲಿ 97ಕ್ಕೆ ಏರಿತು. ನಾಲ್ಕು ದಿನಗಳ ನಂತರ ‘ದ ಸನ್’ ಪತ್ರಿಕೆ ತನ್ನ ಮುಖಪುಟದಲ್ಲಿ, ಲಿವರ್‌ಪೂಲ್ ಅಭಿಮಾನಿಗಳು ಸತ್ತವರ ಜೇಬು ದೋಚಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು ಎಂಬ ಆರೋಪಗಳನ್ನು ‘ಸತ್ಯ’ ಎಂಬ ತಲೆಬರಹದಡಿ ಅಚ್ಚು ಹಾಕಿತು. ಅವು ಸುಳ್ಳಾಗಿದ್ದವು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಅಭಿಮಾನಿಗಳನ್ನು ಆರೋಪಮುಕ್ತಗೊಳಿಸಿತು. 2016ರಲ್ಲಿ ಮರಣ ವಿಚಾರಣೆಯ ತೀರ್ಪುಗಾರರು, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟವರು ಎಂದೂ ಅಭಿಮಾನಿಗಳ ನಡತೆ ಕಾರಣವಲ್ಲವೆಂದೂ ಹೇಳಿದರು. 2017ರಲ್ಲಿ ಕ್ಲಬ್ ಆ ಪತ್ರಿಕೆಯ ವರದಿಗಾರರಿಗೆ ತನ್ನ ಬಾಗಿಲು ಮುಚ್ಚಿತು.

ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯವರು ಸತ್ಯ ಹೊರಬರಲು ಕಾಲು ಶತಮಾನ ಕಾಯಬೇಕಾದ ಊರಿನಲ್ಲಿ, ಮಾಧ್ಯಮದ ಮೇಲಿನ ಅಪನಂಬಿಕೆ ಆಟದ ಗೆಲುವು ಸೋಲಿಗೆ ಸಂಬಂಧಿಸಿದ್ದಲ್ಲ. ಪೆನಾಲ್ಟಿ ಸಿಗದ ಸಿಟ್ಟನ್ನೂ ಈ ಸಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಎರಡನ್ನೂ ಅರ್ಥ ಮಾಡಿಕೊಂಡಿಲ್ಲವೆಂದೇ ಹೇಳಬೇಕು.

ಅಭಿಮಾನಿಗಳ ಕೈಗೇ ಮೈಕ್ ಬಂದಾಗ

ಮಾಧ್ಯಮ ತಮ್ಮ ಮಾತು ಕೇಳುವುದಿಲ್ಲವೆಂದು ಅಭಿಮಾನಿಗಳು ತಾವೇ ವಾಹಿನಿ ಕಟ್ಟಿದರು. ಆರ್ಸೆನಲ್ ಅಭಿಮಾನಿ ರಾಬಿ ಲೈಲ್ 2012ರಲ್ಲಿ ಆರಂಭಿಸಿದ ಯೂಟ್ಯೂಬ್ ವಾಹಿನಿ ಇವುಗಳಲ್ಲಿ ಹೆಸರುವಾಸಿ. ಪಂದ್ಯ ಮುಗಿದ ಕೂಡಲೇ ಕ್ರೀಡಾಂಗಣದ ಹೊರಗೆ ಅಭಿಮಾನಿಗಳ ಮುಂದೆ ಮೈಕ್ ಹಿಡಿಯುವುದು ಅದರ ಬಗೆ. ಅಲ್ಲಿಯೂ ಹೆಚ್ಚು ಜನ ನೋಡಿದ್ದು ಸೋತ ದಿನದ ಕೂಗಾಟವನ್ನೇ. ತಮ್ಮ ದುಃಖವೇ ಎದುರಾಳಿಗಳಿಗೆ ಮನರಂಜನೆಯಾಗುತ್ತಿದೆ ಎಂದು ಆರ್ಸೆನಲ್ ಅಭಿಮಾನಿಗಳಲ್ಲೇ ಹಲವರು ಆಮೇಲೆ ಬೇಸರಪಟ್ಟರು. ಮೈಕ್ ಯಾರ ಕೈಯಲ್ಲಿದ್ದರೂ ನೋಡುಗರ ಸಂಖ್ಯೆಯ ಒತ್ತಡ ಅದೇ ದಿಕ್ಕಿಗೆ ಎಳೆಯುತ್ತದೆ.

ಇಲ್ಲಿ ಕುಳಿತು ನೋಡುವಾಗ

ಕೊಡಗಿನಲ್ಲಿ ಕುಳಿತು ನೋಡುವವರಿಗೆ ಒಂದು ವಿಚಿತ್ರ ಅನುಕೂಲವಿದೆ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳನ್ನು, ಜನ ಕ್ರೀಡಾಂಗಣಕ್ಕೆ ಬರುವುದು ನಿಲ್ಲಬಾರದೆಂಬ ಹಳೆಯ ಕಟ್ಟಳೆಯಂತೆ, ಟಿವಿಯಲ್ಲಿ ನೇರವಾಗಿ ತೋರಿಸುವುದಿಲ್ಲ. ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆಗೋ ಎಂಟೂವರೆಗೋ ಬರುವ ಅದೇ ಪಂದ್ಯವನ್ನು ಕುಶಾಲನಗರದವರು ನೋಡಬಹುದು, ಮ್ಯಾಂಚೆಸ್ಟರಿನವರು ನೋಡುವಂತಿಲ್ಲ.

ಅನನುಕೂಲವೂ ಇದೆ. ಪಂದ್ಯದ ಜೊತೆ ಇಲ್ಲಿ ಕೇಳಿಬರುವ ಇಂಗ್ಲಿಷ್ ವಿವರಣೆ ಸಾಮಾನ್ಯವಾಗಿ ವಿದೇಶಿ ಪ್ರಸಾರಕ್ಕೆಂದು ತಯಾರಾದದ್ದು. ನೆವಿಲ್, ಕ್ಯಾರಗರ್ ಮುಂತಾದವರ ಸ್ಟುಡಿಯೋ ಮಾತು ನಮಗೆ ತಲುಪುವುದು ಬಹುಪಾಲು ಮೊಬೈಲಿನ ಚಿಕ್ಕ ತುಣುಕುಗಳಾಗಿ. ಅರ್ಧ ಗಂಟೆಯ ಚರ್ಚೆಯಲ್ಲಿ ಹೊಗಳಿಕೆ, ಷರತ್ತು, ಹಿನ್ನೆಲೆ ಎಲ್ಲ ಇದ್ದು, ಹಂಚಿಕೆಯಾಗುವುದು ಮಾತ್ರ ಕಟುವಾದ ನಲವತ್ತು ಸೆಕೆಂಡು. ತುಣುಕು ಕತ್ತರಿಸಿದವರು ವಾಹಿನಿಯವರೇ ಆಗಿರಬಹುದು, ಎದುರಾಳಿ ಕ್ಲಬ್ಬಿನ ಅಭಿಮಾನಿಯೂ ಆಗಿರಬಹುದು. ಹಾಗಾಗಿ ಸಿಟ್ಟು ಬರಿಸಿದ ಮಾತಿನ ಮುಂದುವರಿದ ಭಾಗ ಎಲ್ಲಾದರೂ ಇದೆಯೇ ಎಂದು ಹುಡುಕುವುದು, ಹೇಳಿದ್ದು ಸಂಗತಿಯೋ ಅಭಿಪ್ರಾಯವೋ ಎಂದು ಬೇರ್ಪಡಿಸುವುದು, ಅದೇ ಮಾತನ್ನು ಬೇರೆ ಕ್ಲಬ್ಬಿನ ಬಗ್ಗೆ ಹೇಳಿದ್ದರೆ ತಾನು ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳುವುದು ನೋಡುಗನಿಗೆ ಬಿಟ್ಟ ಕೆಲಸ.

ದೂರು ಕೊಡಬಹುದೇ?

ಬ್ರಿಟನ್ನಿನ ಟಿವಿಯನ್ನು ನಿಯಂತ್ರಿಸುವ ಸಂಸ್ಥೆ ಆಫ್‌ಕಾಮ್. ಅದರ ನಿಷ್ಪಕ್ಷಪಾತದ ನಿಯಮಗಳು ಸುದ್ದಿಗೆ ಮತ್ತು ರಾಜಕೀಯ ವಿವಾದದಂಥ ವಿಷಯಗಳಿಗೆ ಅನ್ವಯಿಸುತ್ತವೆ; ಮಾಜಿ ಆಟಗಾರ ನಿಮ್ಮ ಕ್ಲಬ್ಬನ್ನು ಕಡೆಗಣಿಸಿದರೆ ಅದು ನಿಯಮಭಂಗವಲ್ಲ. ಪತ್ರಿಕೆಗಳ ವಿಷಯದಲ್ಲಿ 2014ರಿಂದ ಇಪ್ಸೋ ಎಂಬ ಸಂಸ್ಥೆ ದೂರು ಕೇಳುತ್ತದೆ, ಅದೂ ಮುಖ್ಯವಾಗಿ ಸಂಗತಿ ತಪ್ಪಾದಾಗ. ನಮ್ಮಲ್ಲಿ ಪತ್ರಿಕೆಯೊಂದು ಆಟಗಾರನ ಬಗ್ಗೆ ತಪ್ಪು ಸಂಗತಿ ಅಚ್ಚು ಹಾಕಿದರೆ ಮೊದಲು ಸಂಪಾದಕರಿಗೆ ಬರೆಯಬೇಕು, ಸರಿಪಡಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಒಯ್ಯಬಹುದು. ನಿಮ್ಮ ಕ್ಲಬ್ ಈ ವರ್ಷ ಎಂಟನೆಯ ಸ್ಥಾನಕ್ಕಿಂತ ಮೇಲೇರುವುದಿಲ್ಲ ಎಂದು ಅಂಕಣಕಾರರು ಬರೆದರೆ ಅದನ್ನು ಯಾವ ಮಂಡಳಿಯೂ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಉತ್ತರ ಹೇಳುವುದು ಋತುವಿನ ಕೊನೆಯ ಅಂಕಪಟ್ಟಿ ಮಾತ್ರ.